ಕಪ್ ಎತ್ತಿದ ನಾಯಕ ಅಕಾರ್ಡಿಯನ್ ನುಡಿಸಿ ಬದುಕಿದ್ದೇಕೆ?

ಪ್ರಶ್ನೆ: ಐರ್ಲೆಂಡಿನ ಡರ್ಮಟ್ ಓಬ್ರಿಯನ್ ಚಾಂಪಿಯನ್ ಫುಟ್‌ಬಾಲ್ ತಂಡದ ನಾಯಕರಾಗಿದ್ದವರು. ಅಂಥವರು ಹಾಡಿ, ಅಕಾರ್ಡಿಯನ್ ನುಡಿಸಿ ಜೀವನ ನಡೆಸಿದ್ದೇಕೆ? ಆಟದಿಂದ ದುಡ್ಡು ಬರುತ್ತಿರಲಿಲ್ಲವೇ?

ಉತ್ತರ: ಬರುತ್ತಿರಲಿಲ್ಲ. ಅವರೊಬ್ಬರಿಗಲ್ಲ, ಗೇಲಿಕ್ ಫುಟ್‌ಬಾಲ್ ಆಡಿದ ಯಾರಿಗೂ ಸಂಬಳವಿರಲಿಲ್ಲ, ಈಗಲೂ ಇಲ್ಲ. ಇದು ನಾವು ಟಿವಿಯಲ್ಲಿ ನೋಡುವ ಫುಟ್‌ಬಾಲ್ ಅಲ್ಲ. ಕೈಯಲ್ಲೂ ಚೆಂಡು ಹಿಡಿಯಬಹುದು, ಒಂದೊಂದು ತಂಡದಲ್ಲಿ 15 ಜನ. ಈ ಆಟವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ 1884ರಲ್ಲಿ ಥರ್ಲಸ್ ಎಂಬ ಊರಿನಲ್ಲಿ ಹುಟ್ಟಿತು. ಆಟಗಾರರು ಹಣಕ್ಕಾಗಿ ಆಡುವುದಿಲ್ಲ, ತಮ್ಮ ಕೌಂಟಿಗಾಗಿ, ಅಂದರೆ ಜಿಲ್ಲೆಗಾಗಿ ಆಡುತ್ತಾರೆ. ಶಿಕ್ಷಕರು, ರೈತರು, ಅಂಗಡಿಯವರು ಕೆಲಸ ಮುಗಿಸಿ ಅಭ್ಯಾಸಕ್ಕೆ ಬರುವುದು ಅಲ್ಲಿನ ವಾಡಿಕೆ. ಓಬ್ರಿಯನ್ ಅವರ ಕಸುಬು ಸಂಗೀತವಾಗಿತ್ತು, ಅಷ್ಟೇ.

ಅವರು 1932ರಲ್ಲಿ ಲೌತ್ ಕೌಂಟಿಯ ಆರ್ಡಿಯಲ್ಲಿ ಹುಟ್ಟಿದರು. ಐರ್ಲೆಂಡಿನ 32 ಕೌಂಟಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಲೌತ್. 1957ರ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಅದರ ಎದುರಾಳಿ ಕಾರ್ಕ್, ಐರ್ಲೆಂಡಿನ ಅತಿ ದೊಡ್ಡ ಕೌಂಟಿ! ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ಪಂದ್ಯ ಮುಗಿಯಲು ಇನ್ನೇನು ಕೆಲವೇ ನಿಮಿಷಗಳಿದ್ದಾಗ ಕೆವಿನ್ ಬೀಹನ್ ಬದಿಗೆರೆಯಿಂದ ಚೆಂಡು ಒದ್ದರು, ಷಾನ್ ಕನಿಂಗ್‌ಹ್ಯಾಮ್ ಅದನ್ನು ಮುಷ್ಟಿಯಿಂದ ಗುದ್ದಿ ಬಲೆಗೆ ಸೇರಿಸಿದರು. ಅಂತಿಮ ಸ್ಕೋರು ಲೌತ್ 1-9, ಕಾರ್ಕ್ 1-7; ಮೊದಲ ಅಂಕಿ ಗೋಲುಗಳದ್ದು, ಎರಡನೆಯದು ಒಂದೊಂದು ಅಂಕದ ಹೊಡೆತಗಳದ್ದು. ಗೋಲಿಗೆ ಮೂರು ಅಂಕವೆಂದು ಎಣಿಸಿದರೆ 12-10. ಚಾಂಪಿಯನ್ ತಂಡಕ್ಕೆ ಕೊಡುವ ಸ್ಯಾಮ್ ಮಗ್ವೈರ್ ಕಪ್ ಸೇರಿದ್ದು ಓಬ್ರಿಯನ್ ಕೈಗೆ.

ಅದೇ ಕೈಗಳು ಡಾನ್ಸ್ ಹಾಲ್‌ಗಳಲ್ಲಿ ಅಕಾರ್ಡಿಯನ್ ಹಿಡಿಯುತ್ತಿದ್ದವು. ನಮ್ಮ ಹಾರ್ಮೋನಿಯಂನಂತೆ ಇದರಲ್ಲೂ ತಿದಿಯ ಗಾಳಿಗೆ ಲೋಹದ ಪಟ್ಟಿಗಳು ಕಂಪಿಸಿ ಸ್ವರ ಹೊರಡುತ್ತದೆ. ಆದರೆ ವಾದ್ಯದ ಭಾರವೆಲ್ಲ ಹೆಗಲ ಮೇಲೆ. ಅದನ್ನು ಹೊತ್ತು ನಿಂತು, ಜನ ಕುಣಿಯುವಷ್ಟು ಹೊತ್ತೂ ನುಡಿಸುತ್ತ ಹಾಡುವುದು ಮೈಮುರಿಯುವ ದುಡಿಮೆಯೇ. 1966ರಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರಿಶರು ಎದ್ದ ಈಸ್ಟರ್ ದಂಗೆಗೆ 50 ವರ್ಷ ತುಂಬಿದ ಹೊತ್ತಿನಲ್ಲಿ, ಓಬ್ರಿಯನ್ ಮತ್ತು ಅವರ ಕ್ಲಬ್‌ಮೆನ್ ತಂಡ ಹಾಡಿದ 'ದ ಮೆರಿ ಪ್ಲೌಬಾಯ್' ಐರಿಶ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ನೇಗಿಲು ಬಿಟ್ಟು ಹೋರಾಟಕ್ಕೆ ಹೊರಟ ಹುಡುಗನ ಹಾಡದು. ಫುಟ್‌ಬಾಲ್ ಗೊತ್ತಿಲ್ಲದ ಮನೆಗಳಿಗೂ ಅವರ ಹೆಸರು ತಲುಪಿದ್ದು ಇದರಿಂದಲೇ ಎಂದು ನನಗನ್ನಿಸುತ್ತದೆ.

ಅವರು 2007ರಲ್ಲಿ ತೀರಿಕೊಂಡರು. 1957ರ ನಂತರ ಲೌತ್ ತಾನಿರುವ ಲೆನ್‌ಸ್ಟರ್ ಪ್ರಾಂತ್ಯದ ಪಟ್ಟವನ್ನು ಮತ್ತೆ ಗೆಲ್ಲಲು 68 ವರ್ಷ ಕಾಯಬೇಕಾಯಿತು. 2025ರಲ್ಲಿ ಅದು ಕೈಗೂಡಿತು. ಆದರೆ ಆ ವರ್ಷದವರೆಗೂ ಸ್ಯಾಮ್ ಮಗ್ವೈರ್ ಕಪ್ ಎತ್ತಿದ ಲೌತ್ ನಾಯಕ ಓಬ್ರಿಯನ್ ಒಬ್ಬರೇ.