ತಪ್ಪುಗಳ ವಂಶಾವಳಿ: ಕಾರ್ಲ್ ಲಾಖ್‌ಮನ್

ಹಳೆಯ ಕಾವ್ಯವೊಂದರ ಇಪ್ಪತ್ತು ಹಸ್ತಪ್ರತಿಗಳ ಪೈಕಿ ಹತ್ತೊಂಬತ್ತರಲ್ಲಿ ಒಂದು ಪಾಠ (ಅಂದರೆ ಒಂದು ಬಗೆಯ ಪದಗಳು), ಒಂದರಲ್ಲಿ ಮಾತ್ರ ಬೇರೆ ಪಾಠ ಇದ್ದರೆ, ಹತ್ತೊಂಬತ್ತರಲ್ಲಿ ಇರುವುದೇ ಸರಿ ಎಂದು ಚೆನ್ನಾಗಿ ಓದಿಕೊಂಡವರೂ ನಂಬುತ್ತಾರೆ. ಆದರೆ ಆ ಹತ್ತೊಂಬತ್ತೂ ಒಂದೇ ಮಾತೃಕೆಯನ್ನು, ಅಂದರೆ ನಕಲಿಗೆ ಆಧಾರವಾದ ಒಂದೇ ಪ್ರತಿಯನ್ನು, ನೋಡಿ ಬರೆದವಾಗಿದ್ದರೆ, ಅವೆಲ್ಲ ಸೇರಿ ನುಡಿಯುವುದು ಒಂದೇ ಸಾಕ್ಷ್ಯ.

ಈ ವಿಚಾರವನ್ನು ಕಟ್ಟುನಿಟ್ಟಾಗಿ ಬಳಸಿ ಹೆಸರಾದವರು ಜರ್ಮನಿಯ ಗ್ರೀಕ್-ಲ್ಯಾಟಿನ್ ವಿದ್ವಾಂಸ ಕಾರ್ಲ್ ಲಾಖ್‌ಮನ್. 1793ರಲ್ಲಿ ಬ್ರೌನ್‌ಶ್ವೈಗ್‌ನಲ್ಲಿ ಹುಟ್ಟಿದ ಅವರು 1825ರಿಂದ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಬೈಬಲ್‌ನ ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನೂ ಸಂಪಾದಿಸಿದರು.

ಪರೀಕ್ಷೆಯಲ್ಲಿ ಇಬ್ಬರು ಹುಡುಗರ ಉತ್ತರ ಸರಿಯಾಗಿದ್ದರೆ ಮೇಷ್ಟ್ರಿಗೆ ಅನುಮಾನ ಬರುವುದಿಲ್ಲ. ಇಬ್ಬರೂ ಒಂದೇ ವಿಚಿತ್ರ ತಪ್ಪು ಮಾಡಿದ್ದರೆ ಕಾಪಿ ಹೊಡೆದದ್ದು ಗೊತ್ತಾಗಿಬಿಡುತ್ತದೆ. ಹಸ್ತಪ್ರತಿಗಳ ವಂಶವೃಕ್ಷವನ್ನು ಕಟ್ಟುವುದೂ ಹೀಗೆ ಸಮಾನ ತಪ್ಪುಗಳನ್ನು ಹಿಡಿದೇ. ಲಿಪಿಕಾರನ ಕಣ್ಣು ಒಂದು ಸಾಲಿನ ಕೊನೆಯ ಪದದಿಂದ, ಅದೇ ಪದದಲ್ಲಿ ಮುಗಿಯುವ ಕೆಳಗಿನ ಸಾಲಿಗೆ ಜಾರಿದರೆ ನಡುವಿನ ಸಾಲುಗಳು ಬಿಟ್ಟುಹೋಗುತ್ತವೆ. ಆ ಪ್ರತಿಯನ್ನು ನೋಡಿ ಬರೆದವರೆಲ್ಲರಿಗೂ ಆ ಲೋಪ ಪಿತ್ರಾರ್ಜಿತವಾಗಿ ಬರುತ್ತದೆ. ಜೀವಿಗಳಲ್ಲಿಯೂ ಹೀಗೆಯೇ: ಸಿ ಜೀವಸತ್ವ ತಯಾರಿಸಬೇಕಾದ ಜೀನ್ ಮನುಷ್ಯನಲ್ಲಿಯೂ ಚಿಂಪಾಂಜಿಯಲ್ಲಿಯೂ ಕೆಟ್ಟು ನಿಂತಿದೆ, ಏಕೆಂದರೆ ಅದು ಇಬ್ಬರಿಗೂ ಸಮಾನ ಪೂರ್ವಜರಿಂದ ಬಂದದ್ದು.

ಪರಮಾಣುಗಳನ್ನು ಕುರಿತು ಲ್ಯಾಟಿನ್‌ನಲ್ಲಿ ಕಾವ್ಯ ಬರೆದ ಲುಕ್ರೀಷಿಯಸ್‌ನ ಕೃತಿಗೆ ಲಾಖ್‌ಮನ್ 1850ರಲ್ಲಿ ಹೊರತಂದ ಆವೃತ್ತಿಯೇ ಈ ವಿಧಾನದ ಸೊಗಸನ್ನು ತೋರಿಸುತ್ತದೆ. ಹಾಲೆಂಡಿನ ಲೈಡನ್‌ನಲ್ಲಿ ಆ ಕಾವ್ಯದ ಒಂಬತ್ತನೆಯ ಶತಮಾನದ ಎರಡು ಪ್ರತಿಗಳಿದ್ದು, ಆಕಾರದಿಂದಲೇ ಒಂದಕ್ಕೆ ನೀಳಪ್ರತಿ, ಇನ್ನೊಂದಕ್ಕೆ ಚೌಕಪ್ರತಿ ಎಂಬ ಅರ್ಥದ ಹೆಸರುಗಳಿವೆ. ಚೌಕಪ್ರತಿಯಲ್ಲಿ ನಾಲ್ಕು ಭಾಗಗಳು ತಮ್ಮ ಜಾಗದಲ್ಲಿರದೆ ಕಾವ್ಯದ ಕೊನೆಗೆ ಬಂದು ಕೂತಿವೆ, ಮತ್ತು ಪ್ರತಿಯೊಂದೂ ಹೆಚ್ಚುಕಡಿಮೆ 52 ಸಾಲಿನದು. ಹಾಗಾದರೆ ಮಾತೃಕೆಯ ನಾಲ್ಕು ಹಾಳೆಗಳು ಕಳಚಿ, ಯಾರೋ ಅವನ್ನು ಪುಸ್ತಕದ ಕೊನೆಗೆ ಸೇರಿಸಿಟ್ಟಿರಬೇಕು. ಹಾಳೆಗೆ ಎರಡು ಮಗ್ಗುಲು, ಮಗ್ಗುಲಿಗೆ 26 ಸಾಲು. ಇಂಥ ಲೆಕ್ಕ ಹಿಡಿದು ಲಾಖ್‌ಮನ್, ಶತಮಾನಗಳ ಹಿಂದೆಯೇ ಕಣ್ಮರೆಯಾದ ಆ ಪುಸ್ತಕಕ್ಕೆ 302 ಪುಟಗಳಿದ್ದವು ಎಂದರು. ಕಾಣದ ಪುಸ್ತಕದ ಪುಟವೆಣಿಸುವ ಈ ಧೈರ್ಯ ನನಗೆ ಇಂದಿಗೂ ರೋಮಾಂಚನವುಂಟುಮಾಡುತ್ತದೆ.

ಲಾಖ್‌ಮನ್ 1851ರಲ್ಲಿ ತೀರಿಕೊಂಡರು. ಜೀವಿಗಳ ಉಗಮ ಕುರಿತ ಡಾರ್ವಿನ್‌ನ ಪುಸ್ತಕ ಬಂದದ್ದು 1859ರಲ್ಲಿ; ಅಂದರೆ ಹಸ್ತಪ್ರತಿಗಳ ಈ ವಂಶಾವಳಿ ಅದಕ್ಕಿಂತ ಮೊದಲಿನದು. ಆದರೆ ಲಿಪಿಕಾರನೊಬ್ಬ ಎರಡು ಮಾತೃಕೆಗಳನ್ನು ಪಕ್ಕದಲ್ಲಿಟ್ಟುಕೊಂಡು, ಅಲ್ಲಿಷ್ಟು ಇಲ್ಲಿಷ್ಟು ಆರಿಸಿ ಬರೆದರೆ ವಂಶವೃಕ್ಷದ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡು ಈ ಲೆಕ್ಕ ಕೈಕೊಡುತ್ತದೆ. ಬರ್ಲಿನ್‌ನಲ್ಲಿಯೇ ಓದಿ ಬಂದ ಸಂಸ್ಕೃತ ವಿದ್ವಾಂಸ ವಿಷ್ಣು ಸುಕ್ಥಣಕರ್, ಪುಣೆಯಲ್ಲಿ ಮಹಾಭಾರತವನ್ನು ಸಂಪಾದಿಸಲು ಅದರ ಪ್ರತಿಗಳನ್ನು ಹರಡಿಕೊಂಡು ಕುಳಿತಾಗ ಎದುರಾದದ್ದು ಇದೇ ತೊಡಕು. ಹಾಗಾಗಿ ಅವರು ಈ ವಿಧಾನವನ್ನು ಮಹಾಭಾರತಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬೇಕಾಯಿತು.