ವೈಫೈ ನಿಯಮಗಳಿಗೆ ಸಹಿ ಹಾಕಿದರೆ ಮಗಳ ಫೋನನ್ನೇ ಕಾಲೇಜಿಗೆ ಒಪ್ಪಿಸಿದಂತೆಯೇ?

ಪ್ರಶ್ನೆ: ನನ್ನ ಮಗಳು ಈ ವರ್ಷ ಮಂಗಳೂರಿನ ಒಂದು ಕ್ರೈಸ್ತ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿ, ಅಲ್ಲಿಯ ಹಾಸ್ಟೆಲಿನಲ್ಲೇ ಇದ್ದಾಳೆ. ದಾಖಲಾತಿಯ ಕಾಗದಪತ್ರಗಳ ಜೊತೆಗೆ ಕಂಪ್ಯೂಟರ್ ಮತ್ತು ಇಂಟರ್ನೆಟ್ ಬಳಕೆಯ ನಿಯಮಗಳ ಎರಡು ಪುಟಗಳಿಗೂ ಅವಳ ಮತ್ತು ನಮ್ಮ ಸಹಿ ಕೇಳಿದ್ದಾರೆ. ಬಳಕೆಯನ್ನು ಸಂಸ್ಥೆಯು ಗಮನಿಸಬಹುದು ಎಂದೂ, ಕ್ರೈಸ್ತ ಮೌಲ್ಯಗಳಿಗೆ ಹೊಂದದ ವಿಷಯಗಳನ್ನು ನೋಡುವಂತಿಲ್ಲ, ಹಂಚುವಂತಿಲ್ಲ ಎಂದೂ ಅದರಲ್ಲಿ ಬರೆದಿದೆ. ನಾವು ಕ್ರೈಸ್ತರಲ್ಲ. ಸಹಿ ಹಾಕಿದರೆ ಅವಳ ಫೋನು, ಅವಳ ಮಾತುಕತೆ ಎಲ್ಲವನ್ನೂ ಕಾಲೇಜಿಗೆ ಒಪ್ಪಿಸಿದಂತೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಆದರೆ ಓದದೆ ಸಹಿ ಹಾಕುವಂಥ ಕಾಗದವೂ ಅದಲ್ಲ. ದಾಖಲಾತಿಯ ದಿನ ಶುಲ್ಕದ ಸಾಲು, ಫೋಟೊ, ವರ್ಗಾವಣೆ ಪತ್ರ ಎಂದು ಓಡಾಡುವ ಗಡಿಬಿಡಿಯಲ್ಲಿ ಹೆಚ್ಚಿನ ಪೋಷಕರು ಗುರುತು ಹಾಕಿದ ಜಾಗದಲ್ಲಿ ಸಹಿ ಮಾಡಿ ಮುಂದೆ ಹೋಗಿಬಿಡುತ್ತಾರೆ. ನೀವು ನಿಂತು ಓದಿದ್ದೀರಿ, ಅದು ಒಳ್ಳೆಯದಾಯಿತು. ಹನ್ನೆರಡು ವರ್ಷ ಇಂಥದೇ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ನೋಡಿಕೊಂಡವನಾಗಿ, ಆ ಎರಡು ಪುಟಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ, ಅದರ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು ತಿಳಿದಷ್ಟು ಹೇಳುತ್ತೇನೆ.

ಸಹಿಯು ಮೂರು ವಸ್ತುಗಳಿಗೆ ಸಂಬಂಧಿಸಿದ್ದು: ಕಾಲೇಜಿನ ಕಂಪ್ಯೂಟರು, ಕಾಲೇಜಿನ ವೈಫೈ, ಕಾಲೇಜು ಕೊಟ್ಟ ಇಮೇಲ್ ಖಾತೆ. ಮೂರೂ ಸಂಸ್ಥೆಯ ಸೊತ್ತು, ಮೂರರಲ್ಲೂ ಅದಕ್ಕೆ ಕಾಣುವುದು ಬೇರೆ ಬೇರೆ. ಈ ಮೂರನ್ನು ಒಂದೇ ಎಂದುಕೊಳ್ಳುವುದರಿಂದಲೇ ಪೋಷಕರ ಭಯವೂ ಹುಟ್ಟುತ್ತದೆ, ವಿದ್ಯಾರ್ಥಿಗಳ ಅಜಾಗರೂಕತೆಯೂ ಹುಟ್ಟುತ್ತದೆ.

ಮೊದಲು ವೈಫೈ. ನಿಮ್ಮ ಮಗಳು ತನ್ನ ರಿಜಿಸ್ಟರ್ ನಂಬರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದಾಗ, ಯಾರು, ಯಾವ ಸಾಧನದಿಂದ, ಎಷ್ಟು ಹೊತ್ತಿಗೆ, ಯಾವ ತಾಣಕ್ಕೆ ಹೋದರು, ಎಷ್ಟು ಡೇಟಾ ಬಳಸಿದರು ಎಂಬುದು ಜಾಲದ ಬಾಗಿಲಲ್ಲಿ ಕಾವಲಿರುವ ಕಾಲೇಜಿನ ಫೈರ್‌ವಾಲ್‌ನಲ್ಲಿ ದಾಖಲಾಗುತ್ತದೆ. ಅಂಚೆಯಣ್ಣನಿಗೆ ಲಕೋಟೆಯ ಮೇಲಿನ ವಿಳಾಸ ಕಾಣುತ್ತದೆ, ಒಳಗಿನ ಕಾಗದ ಕಾಣುವುದಿಲ್ಲ. ಇದೂ ಬಹುಮಟ್ಟಿಗೆ ಹಾಗೆಯೇ. ಅವಳು ರಾತ್ರಿ ಹನ್ನೊಂದಕ್ಕೆ ಯೂಟ್ಯೂಬ್ ತೆರೆದಿದ್ದಳೆಂದು ಗೊತ್ತಾಗಬಹುದು, ನೋಡಿದ್ದು ರಸಾಯನಶಾಸ್ತ್ರದ ಪಾಠವೋ ಯಕ್ಷಗಾನವೋ ಎಂದು ಗೊತ್ತಾಗುವುದಿಲ್ಲ. ವಾಟ್ಸ್‌ಆ್ಯಪ್ ಬಳಸಿದ್ದು ತಿಳಿಯಬಹುದು, ನಿಮಗೆ ಬರೆದ ಸಂದೇಶವನ್ನು ನಡುವೆ ನಿಂತು ಓದಲು ಬರುವುದಿಲ್ಲ, ಏಕೆಂದರೆ ಅದು ಕಳುಹಿಸಿದವರ ಫೋನಿನಲ್ಲೇ ಗೂಢಲಿಪಿಯಾಗಿ ಹೊರಟು ಪಡೆದವರ ಫೋನಿನಲ್ಲೇ ಬಿಚ್ಚಿಕೊಳ್ಳುತ್ತದೆ. ಬ್ರೌಸರಿನ ‘ಇನ್‌ಕಾಗ್ನಿಟೊ’ ಕಿಟಕಿಯಲ್ಲಿ ನೋಡಿದರೆ ಕಾಲೇಜಿಗೆ ಏನೂ ಕಾಣುವುದಿಲ್ಲ ಎಂದು ಮಕ್ಕಳು ನಂಬಿರುತ್ತಾರೆ, ಅದು ತಪ್ಪು. ಆ ಕಿಟಕಿಯು ನೋಡಿದ್ದರ ಗುರುತನ್ನು ಅದೇ ಸಾಧನದಲ್ಲಿ ಉಳಿಸುವುದಿಲ್ಲ, ಅಷ್ಟೇ. ಫೈರ್‌ವಾಲಿನ ದಾಖಲೆಗೆ ಅದರಿಂದ ಯಾವ ವ್ಯತ್ಯಾಸವೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವೈಫೈ ಬೇಕಾದರೆ ಫೋನಿನಲ್ಲಿ ಸಂಸ್ಥೆಯ ಸರ್ಟಿಫಿಕೇಟ್ (ಸಂಸ್ಥೆಯ ಜಾಲವನ್ನು ನಂಬುವಂತೆ ಫೋನಿಗೆ ಹೇಳುವ ಒಂದು ಡಿಜಿಟಲ್ ಕಡತ) ಅಥವಾ ಸಾಧನ ನಿರ್ವಹಣೆಯ ಆ್ಯಪ್ ಹಾಕಿಕೊಳ್ಳಿ ಎಂದು ಹೇಳಿದರೆ, ನಾನು ಮೇಲೆ ಬರೆದ ಲೆಕ್ಕ ಬದಲಾಗುತ್ತದೆ. ಅಂಥ ಕೆಲವು ಸರ್ಟಿಫಿಕೇಟುಗಳ ಮೂಲಕ ಲಕೋಟೆಯನ್ನು ನಡುವೆ ಬಿಡಿಸಿ ನೋಡಿ ಮತ್ತೆ ಅಂಟಿಸಲು ಸಾಧ್ಯವಿದೆ. ಸಂಸ್ಥೆಯ ಸ್ವಂತ ಕಂಪ್ಯೂಟರುಗಳಲ್ಲಿ ಅದಕ್ಕೆ ಕಾರಣವಿರಬಹುದು. ವಿದ್ಯಾರ್ಥಿಯ ಸ್ವಂತ ಫೋನಿನಲ್ಲಿ ಅದನ್ನು ಹಾಕಿಸಲು ಹೇಳುವುದಾದರೆ ಏಕೆ, ಏನನ್ನು ನೋಡಲಿಕ್ಕೆ ಎಂದು ಬರಹದಲ್ಲಿ ಕೇಳಿ. ಸರಿಯಾದ ಉತ್ತರ ಬರುವವರೆಗೆ ಅವಳು ಮೊಬೈಲ್ ಡೇಟಾದಲ್ಲೇ ಇರಲಿ.

ಕಾಲೇಜು ಕೊಟ್ಟ ಇಮೇಲ್ ಖಾತೆಯ ಮಾತು ಬೇರೆ. ಅದರ ಪಾಸ್‌ವರ್ಡನ್ನು ಸಂಸ್ಥೆಯು ಬದಲಿಸಬಲ್ಲದು, ಖಾತೆಯನ್ನು ಮುಚ್ಚಬಲ್ಲದು, ಅಗತ್ಯವೆಂದು ಕಂಡರೆ ಅದರೊಳಗಿನ ಕಾಗದಗಳನ್ನು ತೆರೆಯಲೂ ಬಲ್ಲದು. ಆದ್ದರಿಂದ ಅದರಲ್ಲಿ ಪಾಠ, ಅಸೈನ್‌ಮೆಂಟು, ಕಚೇರಿಯ ವ್ಯವಹಾರ ಇಷ್ಟೇ ಇರಲಿ. ಕುಟುಂಬದ ಮಾತು, ಬ್ಯಾಂಕಿನ ನೋಂದಣಿ, ಮುಂದೆ ಉದ್ಯೋಗಕ್ಕೆ ಹಾಕುವ ಅರ್ಜಿ ಸ್ವಂತ ಖಾತೆಯಲ್ಲಿರಲಿ. ಓದು ಮುಗಿದ ಮೇಲೆ ಆ ಖಾತೆ ಮುಚ್ಚಿ ಹೋದಾಗ ಪ್ರಮಾಣಪತ್ರಗಳ ಪ್ರತಿಯನ್ನೆಲ್ಲ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಇನ್ನು ಲ್ಯಾಬು. ನಿಯಮಗಳಲ್ಲಿ ವಿದ್ಯಾರ್ಥಿಗಳಿಗೆ ಅತಿ ಚಿಲ್ಲರೆಯಾಗಿ ಕಾಣುವುದು ‘ಪಾಸ್‌ವರ್ಡ್ ಹಂಚಿಕೊಳ್ಳಬಾರದು, ಲಾಗೌಟ್ ಮಾಡದೆ ಏಳಬಾರದು’ ಎಂಬುದು. ಅದರ ಬೆಲೆ ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಕಿಟಕಿಯ ಪಕ್ಕದ ಹದಿನೇಳನೆಯ ಕಂಪ್ಯೂಟರಿನಲ್ಲಿ ಕೂತಿದ್ದ ಹುಡುಗಿ ಊರಿನ ಬಸ್ಸು ತಪ್ಪುತ್ತದೆಂದು ಗಡಿಬಿಡಿಯಲ್ಲಿ ಎದ್ದು ಹೋದಳು, ಮೇಲ್ ತೆರೆದೇ ಇತ್ತು. ಆಮೇಲೆ ಬಂದು ಕೂತ ಹುಡುಗ ತಮಾಷೆಗೆಂದು ಅವಳ ಖಾತೆಯಿಂದಲೇ ಒಬ್ಬ ಉಪನ್ಯಾಸಕಿಗೆ ಹೇಳಬಾರದ ನಾಲ್ಕು ಸಾಲು ಬರೆದು ಕಳುಹಿಸಿದ. ಮರುದಿನ ಬೆಳಿಗ್ಗೆ ಆ ಹುಡುಗಿ ಪ್ರಾಂಶುಪಾಲರ ಕೋಣೆಯ ಹೊರಗಿನ ಬೆಂಚಿನಲ್ಲಿ ಅಳುತ್ತ ಕೂತಿದ್ದಳು. ತಾನು ಬರೆದಿಲ್ಲವೆಂದು ಹೇಳಿದರೂ ಮೇಲಿನಲ್ಲಿದ್ದುದು ಅವಳ ಹೆಸರೇ. ಕೊನೆಗೆ ಅವಳನ್ನು ಉಳಿಸಿದ್ದು ಬಾಗಿಲ ಬಳಿ ದಾರಕ್ಕೆ ಕಟ್ಟಿದ ಪೆನ್ನಿನ ಜೊತೆ ಇಟ್ಟಿದ್ದ ನಮ್ಮ ಹಳೆಯ ರಿಜಿಸ್ಟರು. ಅವಳು ಹೊರಟ ಸಮಯ 3.40 ಎಂದು ಬರೆದು ಸಹಿ ಮಾಡಿದ್ದಳು, ಮೇಲ್ ಹೋದದ್ದು 3.52ಕ್ಕೆ. ಹುಡುಗ ಒಪ್ಪಿಕೊಂಡು ಇಬ್ಬರಲ್ಲೂ ಕ್ಷಮೆ ಕೇಳಿದ, ವಿಷಯ ಕಾಲೇಜಿನೊಳಗೇ ಮುಗಿಯಿತು. ಮುಗಿಯಲೇಬೇಕೆಂದೇನೂ ಇರಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಬಳಸುವುದಕ್ಕೆ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಕಳುಹಿಸುವುದು 66ಇ ಕಲಮಿನ ಅಪರಾಧ. ಅಶ್ಲೀಲ ಚಿತ್ರ, ಬರಹಗಳನ್ನು ಹರಡುವುದು 67ನೆಯ ಕಲಮಿನದು. ಕಾಲೇಜಿನ ನಿಯಮದಲ್ಲಿ ಇವು ಇಲ್ಲದಿದ್ದರೂ ಅಪರಾಧವೇ ಎಂಬುದನ್ನು ಮಗಳಿಗೆ ತಿಳಿಸಿ.

ಗ್ರಂಥಾಲಯದ ಲಾಗಿನ್ನಿಗೂ ಇದೇ ಮಾತು ಸಲ್ಲುತ್ತದೆ. ಅನೇಕ ಪದವಿ ಕಾಲೇಜುಗಳು, ಗ್ರಂಥಾಲಯಗಳನ್ನು ಜಾಲದಲ್ಲಿ ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಯೋಜನೆಯ ಮೂಲಕ ವಿದ್ವತ್ ಪತ್ರಿಕೆಗಳನ್ನೂ ಇ-ಪುಸ್ತಕಗಳನ್ನೂ ವಿದ್ಯಾರ್ಥಿಗಳಿಗೆ ಒದಗಿಸುತ್ತವೆ. ಅಲ್ಲಿ ಬೇಕಾದ ಲೇಖನವನ್ನು ಇಳಿಸಿಕೊಂಡು ಓದಬಹುದು, ಇಡೀ ಸಂಪುಟಗಳನ್ನು ಸಾಲಾಗಿ ಇಳಿಸಿಕೊಳ್ಳುವಂತಿಲ್ಲ, ಲಾಗಿನ್ ಅನ್ನು ಹೊರಗಿನವರಿಗೆ ಕೊಡುವಂತಿಲ್ಲ.

ಈಗ ನಿಮ್ಮನ್ನು ನಿಜವಾಗಿ ಕಾಡಿದ ಸಾಲಿಗೆ ಬರೋಣ. ‘ಕ್ರೈಸ್ತ ಮೌಲ್ಯ’ ಎಂದರೆ ಏನು, ಕ್ರೈಸ್ತರಲ್ಲದವರಿಗೆ ಅದು ಏಕೆ? ಮಂಗಳೂರಿನಲ್ಲಿ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸ್, ಅಪೊಸ್ತೊಲಿಕ್ ಕಾರ್ಮೆಲ್ ಭಗಿನಿಯರು 1921ರಲ್ಲಿ ತೆರೆದ ಸಂತ ಆಗ್ನೆಸ್ ಮುಂತಾದ ಕಾಲೇಜುಗಳಲ್ಲಿ ಎಲ್ಲ ಮತಧರ್ಮಗಳ ಮನೆಗಳಿಂದ ಮಕ್ಕಳು ಬಂದು ಕಲಿತಿದ್ದಾರೆ. ಕಂಪ್ಯೂಟರು ಬರುವ ಬಹಳ ಮೊದಲೇ ಇಂಥ ಸಂಸ್ಥೆಗಳಲ್ಲಿ ನಡತೆಯ ನಿಯಮಗಳಿದ್ದವು. ಇಂಟರ್ನೆಟ್ ನಿಯಮಗಳು ಅವುಗಳ ಮುಂದುವರಿಕೆ. ಅವುಗಳ ಬೇರು ಬೈಬಲಿನ ಹತ್ತು ಕಟ್ಟಳೆಗಳಲ್ಲಿದೆ: ಕದಿಯಬಾರದು, ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು. ಕದ್ದ ಸಾಫ್ಟ್‌ವೇರ್, ನಕಲು ಮಾಡಿದ ಅಸೈನ್‌ಮೆಂಟ್, ಸಹಪಾಠಿಯ ಹೆಸರಿನಲ್ಲಿ ತೆರೆದ ನಕಲಿ ಇನ್‌ಸ್ಟಾಗ್ರಾಂ ಖಾತೆ, ತಿರುಚಿದ ಫೋಟೊ, ಇವೆಲ್ಲ ಈ ಎರಡು ಮಾತುಗಳೊಳಗೇ ಬರುತ್ತವೆ. ವ್ಯಾಟಿಕನ್ನಿನ ಸಾಮಾಜಿಕ ಸಂವಹನ ಮಂಡಳಿಯು 2002ರಲ್ಲಿ ಇಂಟರ್ನೆಟ್ಟಿನ ನೀತಿಯ ಬಗ್ಗೆ ಹೊರಡಿಸಿದ ದಾಖಲೆಯೂ ಮಾಧ್ಯಮಗಳ ಗುರಿ ಮತ್ತು ಅಳತೆಗೋಲು ಮನುಷ್ಯ ಹಾಗೂ ಮನುಷ್ಯ ಸಮುದಾಯವೇ ಎಂಬ ನೆಲೆಯಲ್ಲಿ ನಿಂತಿದೆ. ತಂತ್ರಜ್ಞಾನವೇ ಕೆಟ್ಟದ್ದೆಂಬ ಭಾವನೆ ಆ ಪರಂಪರೆಯಲ್ಲಿ ಇಲ್ಲ. ತನ್ನ ಭಕ್ತಿಯ ವಿಷಯಗಳಿಗಾಗಿ ಜಾಲತಾಣ ಕಟ್ಟಿ, 2006ರಲ್ಲಿ 15ನೆಯ ವಯಸ್ಸಿನಲ್ಲೇ ತೀರಿಕೊಂಡ ಇಟಲಿಯ ಹುಡುಗ ಕಾರ್ಲೊ ಅಕ್ಯೂಟಿಸ್‌ನನ್ನು ಕಥೋಲಿಕ ಸಭೆ 2025ರ ಸೆಪ್ಟೆಂಬರಿನಲ್ಲಿ ಸಂತನೆಂದು ಘೋಷಿಸಿತು.

ಈ ನಡತೆಯನ್ನು ಒಪ್ಪಿಕೊಳ್ಳುವುದಕ್ಕೆ ಯಾರೂ ಕ್ರೈಸ್ತರಾಗಬೇಕಿಲ್ಲ. ಸಂವಿಧಾನದ 28(3)ನೆಯ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವವರನ್ನು ಅವರ ಒಪ್ಪಿಗೆ ಇಲ್ಲದೆ, ಅಪ್ರಾಪ್ತರಾಗಿದ್ದರೆ ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗೂ ಪೂಜೆಗೂ ಕಡ್ಡಾಯಪಡಿಸುವಂತಿಲ್ಲ. ಇಂಟರ್ನೆಟ್ ನಿಯಮಗಳ ಸಹಿಯು ಅಂಥ ಒಪ್ಪಿಗೆಯಲ್ಲ. ಹಾಗೆಯೇ ಇನ್ನೊಬ್ಬರ ನಂಬಿಕೆಯನ್ನು ಅವಹೇಳನ ಮಾಡುವ ಸಂದೇಶಗಳನ್ನು ಹರಡಬಾರದೆಂಬ ನಿಯಮವು ನಿಮ್ಮ ಮಗಳ ನಂಬಿಕೆಯನ್ನೂ ಕಾಯುತ್ತದೆ. ನಮ್ಮ ಕರಾವಳಿಯಲ್ಲಿ ಒಂದು ಸ್ಟೇಟಸ್, ಒಂದು ಫಾರ್ವರ್ಡ್ ಎಷ್ಟು ದೂರ ಹೋಗಬಲ್ಲದೆಂದು ನಾವೆಲ್ಲ ಬಲ್ಲೆವು. ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಕೆಣಕುವುದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಿನಡಿ ಅಪರಾಧವೂ ಹೌದು.

ಆದರೆ ಮೌಲ್ಯದ ಹೆಸರಿನಲ್ಲಿ ಹಾಕುವ ಫಿಲ್ಟರು ಕೆಲವೊಮ್ಮೆ ಓದಿಗೇ ಅಡ್ಡ ಬರುತ್ತದೆ. ಪದಗಳನ್ನು ನೋಡಿ ತಡೆಯುವ ವ್ಯವಸ್ಥೆಗೆ ಅಶ್ಲೀಲ ಪುಟಕ್ಕೂ ಸ್ತನ ಕ್ಯಾನ್ಸರಿನ ಪುಟಕ್ಕೂ ವ್ಯತ್ಯಾಸ ತಿಳಿಯದೆ ಹೋಗಬಹುದು. ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಸಂತಾನೋತ್ಪತ್ತಿಯ ಅಧ್ಯಾಯಕ್ಕೆ ಚಿತ್ರ ಹುಡುಕುವಾಗ ಪರದೆಯ ಮೇಲೆ ‘ನಿರ್ಬಂಧಿಸಲಾಗಿದೆ’ ಎಂದು ಬಂದು, ತಾನು ತಪ್ಪು ಮಾಡಿದೆನೆಂದು ಹೆದರಿ ನನ್ನ ಬಳಿ ಬಂದಿದ್ದಳು. ತಪ್ಪು ಫಿಲ್ಟರಿನದು. ತಡೆದ ತಾಣವನ್ನು ಓದಿಗಾಗಿ ತೆರೆಸಿಕೊಳ್ಳಲು ಯಾರನ್ನು ಕೇಳಬೇಕು, ಎಷ್ಟು ದಿನದೊಳಗೆ ಉತ್ತರ ಸಿಗುತ್ತದೆ ಎಂಬುದು ನಿಯಮಾವಳಿಯಲ್ಲಿ ಇರಬೇಕು. ಇಲ್ಲವಾದರೆ ಅದು ಅರ್ಧ ನಿಯಮಾವಳಿ ಎಂದೇ ನನ್ನ ಅಭಿಪ್ರಾಯ. ಹಾಗೆಂದು, ಎಲ್ಲ ಬಳಕೆಯನ್ನೂ ಬೇರೊಬ್ಬರ ಸರ್ವರಿನ ಮೂಲಕ ಸುತ್ತಿಸುವ ವಿಪಿಎನ್ ಹಾಕಿ ಫಿಲ್ಟರು ದಾಟುವುದನ್ನು ನಾನು ಒಪ್ಪುವುದಿಲ್ಲ. ಬಿಟ್ಟಿ ವಿಪಿಎನ್ ಆ್ಯಪುಗಳಲ್ಲಿ ಹಲವು ಯಾರವೆಂದೇ ತಿಳಿಯದು; ಕಾಲೇಜಿಗೆ ಕಾಣಬಾರದೆಂದು ಎಲ್ಲವನ್ನೂ ಅಪರಿಚಿತರ ಕೈಗೆ ಕೊಟ್ಟಂತಾಗುತ್ತದೆ.

ಸ್ವಂತ ಫೋನಿನ ವಿಷಯ ಹೇಳದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಪೂರ್ತಿಯಾಗುವುದಿಲ್ಲ. ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಶಿಸ್ತಿನ ನಿಯಮಗಳನ್ನು ಮಾಡುವುದು ಆಡಳಿತದ ಭಾಗವೇ. ಆ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ ಕೇರಳ ಶಿಕ್ಷಣ ಮಸೂದೆಯ ವಿಷಯದಲ್ಲಿ 1958ರಲ್ಲೇ ಹೇಳಿತ್ತು. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು; ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದಾಗಿ ಎರಡು ವರ್ಷಕ್ಕೆ, 2019ರ ಸೆಪ್ಟೆಂಬರಿನಲ್ಲಿ, ಕೋಯಿಕ್ಕೋಡ್ ಜಿಲ್ಲೆಯ ಒಂದು ಕಾಲೇಜಿನ ಹಾಸ್ಟೆಲಿನ ಪ್ರಕರಣ ಕೇರಳ ಹೈಕೋರ್ಟಿನಲ್ಲಿ ತೀರ್ಮಾನವಾಯಿತು. ಅದು ಕ್ರೈಸ್ತ ಕಾಲೇಜಲ್ಲ, ಆದರೆ ನಿಯಮ ನಮ್ಮ ಕಡೆಯ ಹಾಸ್ಟೆಲುಗಳಿಗೆ ಪರಿಚಿತವಾದದ್ದೇ: ಸಂಜೆ 6ರಿಂದ ರಾತ್ರಿ 10ರವರೆಗೆ ಹುಡುಗಿಯರು ಫೋನು ಬಳಸುವಂತಿಲ್ಲ. ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಹಾಕಿದ್ದರು. ಇಂಟರ್ನೆಟ್ ಪಡೆಯುವುದು ಶಿಕ್ಷಣದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದೆಂದು ಹೇಳಿದ ನ್ಯಾಯಾಲಯ, ಅವಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಆದರೆ ಇತರರಿಗೆ ತೊಂದರೆಯಾಗದಂತೆ ಬಳಸುವ ಹೊಣೆ ವಿದ್ಯಾರ್ಥಿನಿಯದೇ. ತರಗತಿಯಲ್ಲಿ, ಪ್ರಾರ್ಥನೆಯ ಹೊತ್ತಿನಲ್ಲಿ ಫೋನು ಮುಚ್ಚಿಡಲು ಹೇಳುವುದು ಯಾವ ಹಕ್ಕನ್ನೂ ಕಸಿಯುವುದಿಲ್ಲ. ವಾರ್ಡನ್ ಫೋನು ಕಸಿದು ಗ್ಯಾಲರಿ ತೆರೆದು ನೋಡುವುದು ಬೇರೆಯೇ ವಿಷಯ, ಆ ಎರಡು ಪುಟಗಳ ಸಹಿ ಅದಕ್ಕೆ ಅನುಮತಿ ಎಂದು ನಾನು ಭಾವಿಸುವುದಿಲ್ಲ.

ಸಹಿ ಹಾಕುವ ಮೊದಲು ಕಚೇರಿಯಲ್ಲಿ ಮರ್ಯಾದೆಯಿಂದ ಒಂದೆರಡು ಸಂಗತಿ ಕೇಳಿ. ಬಳಕೆಯ ದಾಖಲೆಯನ್ನು ಎಷ್ಟು ದಿನ ಇಡುತ್ತೀರಿ, ಅದನ್ನು ನೋಡುವ ಅಧಿಕಾರ ಯಾರಿಗಿದೆ, ನಿಯಮ ಮುರಿದಳೆಂದು ಹೇಳಿದಾಗ ಶಿಕ್ಷೆಗೆ ಮೊದಲು ಅವಳ ಮಾತು ಕೇಳುವವರು ಯಾರು? ನಾನು ಲ್ಯಾಬಿನಲ್ಲಿದ್ದಾಗ ಇದನ್ನು ಕೇಳಿದ ಪೋಷಕರು ಕೈಬೆರಳಲ್ಲಿ ಎಣಿಸುವಷ್ಟೇ, ಕೇಳಿದವರ ಮೇಲೆ ನಮ್ಮ ಪ್ರಾಂಶುಪಾಲರಾಗಿದ್ದ ಫಾದರ್ ಒಮ್ಮೆಯೂ ಬೇಸರಪಡಲಿಲ್ಲ. ಒಬ್ಬ ತಾಯಿಯ ಪ್ರಶ್ನೆಯಿಂದಲೇ ಮುಂದಿನ ವರ್ಷದ ಕೈಪಿಡಿಯಲ್ಲಿ ದಾಖಲೆ ನೋಡುವವರ ಹುದ್ದೆಯನ್ನು ಅಚ್ಚು ಹಾಕಿಸಿದೆವು. ಮಗಳಿಗೆ 18 ತುಂಬಿದ್ದರೆ ಆ ಕಾಗದದಲ್ಲಿ ಮುಖ್ಯವಾದದ್ದು ಅವಳದೇ ಸಹಿ, ಆದ್ದರಿಂದ ಎರಡೂ ಪುಟಗಳನ್ನು ಅವಳೇ ಓದಲಿ, ಒಂದು ಪ್ರತಿಯನ್ನು ಫೋನಿನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳಲಿ. ಹಿರಿಯ ವಿದ್ಯಾರ್ಥಿಗಳು ಆನ್‌ಲೈನಿನಲ್ಲಿ ಪೀಡಿಸಿದರೆ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522, ಹಣದ ಮೋಸವಾದರೆ ಸೈಬರ್ ಅಪರಾಧದ ಸಹಾಯವಾಣಿ 1930. ಈ ಎರಡು ಸಂಖ್ಯೆಗಳೂ ಅದೇ ಫೋನಿನಲ್ಲಿರಲಿ.