ಸೆಮಿಸ್ಟರ್ ಮುಗಿದರೂ ಮುಗಿಯದ ಕೆಲಸ: ಕ್ವೇಕರ್ ಕಾಲೇಜುಗಳ ಸಮುದಾಯ ಸೇವೆ ನಡೆದು ಬಂದ ದಾರಿ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾಲೇಜು ಹುಡುಗನೊಬ್ಬ ಪಕ್ಕದ ಊರಿನ ಮಕ್ಕಳಿಗೆ ವಾರಕ್ಕೊಮ್ಮೆ ಓದು ಹೇಳಿಕೊಡಲು ಹೊರಟರೆ ಮೊದಲು ಕಾಗದಪತ್ರ ಆಗಬೇಕು. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ದಾಖಲೆ ಇಲ್ಲವೆಂಬ ಪತ್ರ ಒಂದು, ರಾಜ್ಯ ಪೊಲೀಸರ ಅಪರಾಧ ತಪಾಸಣೆ ಇನ್ನೊಂದು. ಹತ್ತು ವರ್ಷದಿಂದ ಸತತವಾಗಿ ಅದೇ ರಾಜ್ಯದಲ್ಲಿ ಇಲ್ಲದವರು ಎಫ್‌ಬಿಐಗೆ ಬೆರಳಚ್ಚನ್ನೂ ಕೊಡಬೇಕು. ಸ್ವಯಂಸೇವಕರಿಗೆ ಮೊದಲ ಎರಡು ಉಚಿತ, ಬೆರಳಚ್ಚಿಗೆ ಶುಲ್ಕವಿದೆ. ಒಮ್ಮೆ ಮಾಡಿಸಿದರೆ ಐದು ವರ್ಷ ನಡೆಯುತ್ತದೆ. ಮಕ್ಕಳ ಸುರಕ್ಷತೆಗೆ ಇದು ಬೇಕೇ ಬೇಕು. ಆದರೆ ಹೊರ ರಾಜ್ಯದಿಂದ ಬಂದ ಹೊಸ ವಿದ್ಯಾರ್ಥಿಗೆ ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಸೆಪ್ಟೆಂಬರ್ ಕಳೆದಿರುತ್ತದೆ. ಅಕ್ಟೋಬರ್‌ನಲ್ಲಿ ಒಂದು ವಾರ ರಜೆ, ನವೆಂಬರ್ ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ, ಡಿಸೆಂಬರ್ ಎರಡನೆಯ ವಾರಕ್ಕೆ ತರಗತಿ ಮುಗಿದು ಪರೀಕ್ಷೆ. ಎಣಿಸಿದರೆ ಮಗುವಿಗೆ ಸಿಕ್ಕಿದ್ದು ಎಂಟು ಭೇಟಿ, ಭೇಟಿಗೆ ಎರಡು ಗಂಟೆಯಂತೆ ಹದಿನಾರು ಗಂಟೆ. ಜನವರಿಯ ಬಹುಪಾಲು ಖಾಲಿ. ಮೇ ತಿಂಗಳಲ್ಲಿ ಕಾಲೇಜಿನವರು ಊರಿಗೆ ಹೊರಟಾಗ ಮಗುವಿನ ಶಾಲೆ ಇನ್ನೂ ಜೂನ್‌ವರೆಗೆ ನಡೆಯುತ್ತಿರುತ್ತದೆ.

ಸೇವಾ ಕಾರ್ಯಕ್ರಮ ನಡೆಸುವವರಿಗೆಲ್ಲ ಈ ಲೆಕ್ಕ ಗೊತ್ತು. ಕ್ವೇಕರ್ ಕಾಲೇಜುಗಳು ನೂರು ವರ್ಷಕ್ಕೂ ಮಿಕ್ಕಿ ಇದರೊಡನೆ ಸೆಣಸುತ್ತಿವೆ. ಸೇವೆಗೆ ಬರುವ ಮನಸ್ಸಿಗೆ ಅಲ್ಲಿ ಬರ ಬಂದದ್ದಿಲ್ಲ. ಕೆಲಸ ಯಾವುದೆಂದು ಹೇಳುವವರು ಯಾರು, ಶುರುಮಾಡಿದ್ದನ್ನು ಕೊನೆ ಮುಟ್ಟಿಸುವವರು ಯಾರು ಎಂಬಲ್ಲೇ ತೊಡಕು.

ಕ್ವೇಕರರು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥದವರು. ಹಳೆಯ ಪದ್ಧತಿಯ ಆರಾಧನೆಯಲ್ಲಿ ಪಾದ್ರಿಯಿಲ್ಲ, ಮೌನವಾಗಿ ಕೂರುತ್ತಾರೆ. ತೀರ್ಮಾನಕ್ಕೆ ಮತ ಹಾಕುವುದಿಲ್ಲ, ಸಭೆಗೆ ಒಮ್ಮನಸ್ಸು ಬರುವವರೆಗೆ ಕಾಯುತ್ತಾರೆ. ಒಳಗಿನಿಂದ ಎದ್ದ ತುಡಿತಕ್ಕೆ ಅವರ ಮಾತಿನಲ್ಲಿ ‘ಕನ್ಸರ್ನ್’ ಎಂದು ಹೆಸರು. ತುಡಿತ ಎದ್ದಿತೆಂದು ಎದ್ದು ಹೊರಡುವಂತಿಲ್ಲ. ನಾಲ್ಕಾರು ಮಂದಿಯ ‘ಕ್ಲಿಯರ್‌ನೆಸ್ ಕಮಿಟಿ’ಯ ಮುಂದೆ ಕೂತು ಅವರ ಪ್ರಶ್ನೆಗಳನ್ನು ಎದುರಿಸಬೇಕು. ಅವರು ಬುದ್ಧಿವಾದ ಹೇಳುವುದಿಲ್ಲ, ಕೇಳುತ್ತಾರೆ ಅಷ್ಟೆ. ಇಂದಿನ ಸೇವಾ ಕಚೇರಿಗಳು ತುಂಬಿಸಿಕೊಳ್ಳುವ ಯಾವ ಅರ್ಜಿ ನಮೂನೆಗಿಂತಲೂ ಇದು ಗಟ್ಟಿ ಜರಡಿ.

1833ರಲ್ಲಿ ಪೆನ್ಸಿಲ್ವೇನಿಯಾದ ಹ್ಯಾವರ್‌ಫರ್ಡ್, 1837ರಲ್ಲಿ ಉತ್ತರ ಕ್ಯಾರೊಲಿನಾದಲ್ಲಿ ಮುಂದೆ ಗಿಲ್‌ಫರ್ಡ್ ಕಾಲೇಜಾದ ಶಾಲೆ, 1847ರಲ್ಲಿ ಇಂಡಿಯಾನಾದ ಅರ್ಲಮ್, 1864ರಲ್ಲಿ ಪೆನ್ಸಿಲ್ವೇನಿಯಾದ್ದೇ ಆದ ಸ್ವಾರ್ತ್‌ಮೋರ್ ಹುಟ್ಟಿದವು. ಆದರೆ ವಿದ್ಯಾರ್ಥಿಗಳ ಸೇವೆಗೆ ಒಂದು ಸಂಘಟಿತ ರೂಪ ಬಂದದ್ದು 1917ರಲ್ಲಿ. ಏಪ್ರಿಲ್ 6ರಂದು ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಅದೇ ತಿಂಗಳ 30ರಂದು ಫಿಲಡೆಲ್ಫಿಯಾದಲ್ಲಿ, ಯುದ್ಧವನ್ನು ಒಪ್ಪದ ಕ್ವೇಕರರ (‘ಫ್ರೆಂಡ್ಸ್’ ಅವರ ಇನ್ನೊಂದು ಹೆಸರು) ಅಮೆರಿಕನ್ ಫ್ರೆಂಡ್ಸ್ ಸರ್ವೀಸ್ ಕಮಿಟಿ ಸ್ಥಾಪನೆಯಾಯಿತು. ಅದರ ಅಧ್ಯಕ್ಷರು ಹ್ಯಾವರ್‌ಫರ್ಡ್‌ನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ರೂಫಸ್ ಜೋನ್ಸ್. ಕೋವಿ ಹಿಡಿಯಲೊಪ್ಪದ ಯುವಕರಿಗೆ ಕೈತುಂಬ ಕೆಲಸ ಕೊಡುವುದು ಉದ್ದೇಶ. ಆ ಬೇಸಿಗೆಯಲ್ಲಿ ಸುಮಾರು ನೂರು ಮಂದಿ ಹ್ಯಾವರ್‌ಫರ್ಡ್ ಆವರಣದಲ್ಲಿ ತರಬೇತಿ ಪಡೆದು ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿಗೆ ಹಡಗು ಹತ್ತಿದರು. ಅಲ್ಲಿ ಅದಾಗಲೇ ದುಡಿಯುತ್ತಿದ್ದ ಇಂಗ್ಲಿಷ್ ಕ್ವೇಕರರ ಜೊತೆಗೂಡಿದರು. ಡೋಲ್ ಮತ್ತು ಓರ್ನಾನ್ ಊರುಗಳ ಕಾರ್ಖಾನೆಗಳಲ್ಲಿ ಮರದ ಮನೆಗಳ ಭಾಗಗಳನ್ನು ಸಿದ್ಧಪಡಿಸಿ, ಯುದ್ಧದಲ್ಲಿ ನೆಲಸಮವಾದ ಹಳ್ಳಿಗಳಿಗೆ ಸಾಗಿಸಿ ಜೋಡಿಸುವುದು ಅವರ ಮುಖ್ಯ ಕೆಲಸಗಳಲ್ಲೊಂದು. ಇಲ್ಲಿ ಸೆಮಿಸ್ಟರಿನ ಮಾತೇ ಇರಲಿಲ್ಲ. ಹೋದವರು ಕೆಲಸ ಇರುವಷ್ಟು ಕಾಲ ಇರಲೆಂದೇ ಹೋದವರು.

ರಜೆಯ ಅವಧಿಗೆ ಹೊಂದುವ ರೂಪ ಬಂದದ್ದು 1934ರಲ್ಲಿ. ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ 1920ರಲ್ಲಿ ವೆರ್ದುನ್ ಬಳಿ ನಡೆಸಿದ ಶ್ರಮಶಿಬಿರ ಯುರೋಪಿನಲ್ಲಿ ದಾರಿ ತೋರಿಸಿತ್ತು. (ಇದೇ ಸೆರೆಸೋಲ್ 1934ರ ಭೂಕಂಪದ ಬಳಿಕ ಬಿಹಾರಕ್ಕೂ ಬಂದು ಮನೆ ಕಟ್ಟಲು ದುಡಿದರು.) ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಕಲ್ಲಿದ್ದಲು ಗಣಿಯವರಿಗಾಗಿ ಸರ್ಕಾರ ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ವೆಸ್ಟ್‌ಮೋರ್‌ಲ್ಯಾಂಡ್ ಹೋಮ್‌ಸ್ಟೆಡ್ಸ್ ಎಂಬ ಬಡಾವಣೆ ಕಟ್ಟಿಸುತ್ತಿತ್ತು. ಅಮೆರಿಕನ್ ಕ್ವೇಕರರ ಮೊದಲ ಶಿಬಿರ ಅಲ್ಲಿ ನಡೆಯಿತು. ವಿದ್ಯಾರ್ಥಿಗಳು ಬಡಾವಣೆಗೆ ನೀರು ತರುವ ಕೊಳವೆಗೆ ಕಾಲುವೆ ತೋಡಿದರು. ಹಗಲು ಹಾರೆ ಗುದ್ದಲಿ, ಸಂಜೆ ಗಣಿಯವರ ಬವಣೆಯ ಬಗ್ಗೆ ಚರ್ಚೆ. ಈ ಕೆಲಸವನ್ನು ಆರಿಸಿದ್ದರಲ್ಲಿ ಜಾಣತನವಿದೆ. ನೀರಿನ ಕೊಳವೆಗೆ ಆದಿಯೂ ಉಂಟು, ಅಂತ್ಯವೂ ಉಂಟು. ಒಂದು ಬೇಸಿಗೆಯಲ್ಲಿ ತೋಡಿದ ಕಾಲುವೆ ವಿದ್ಯಾರ್ಥಿಗಳು ಹೋದ ಮೇಲೂ ಕಾಲುವೆಯೇ. ಮಗುವಿನ ಓದು ಹಾಗಲ್ಲ.

ಅದೇ ಕಾಲದ ಇನ್ನೊಂದು ಪಾಠ ಕಹಿಯಾದದ್ದು. 1940ರ ಕಡ್ಡಾಯ ಸೇನಾ ಕಾನೂನು ಯುದ್ಧ ವಿರೋಧಿಗಳಿಗೆ ನಾಗರಿಕ ಸೇವೆಯ ದಾರಿ ಬಿಟ್ಟಿತು. 1941ರಿಂದ 1947ರವರೆಗೆ ಸುಮಾರು 12,000 ಮಂದಿ ಸಿವಿಲಿಯನ್ ಪಬ್ಲಿಕ್ ಸರ್ವೀಸ್ ಶಿಬಿರಗಳಲ್ಲಿ ದುಡಿದರು. ಅವುಗಳಲ್ಲಿ ಕೆಲವನ್ನು ಕ್ವೇಕರ್ ಕಮಿಟಿ ನಡೆಸುತ್ತಿತ್ತು. ಸಂಬಳ ಇಲ್ಲ. ಊಟ, ವಸತಿಯ ಖರ್ಚು ತಿಂಗಳಿಗೆ ಸುಮಾರು 35 ಡಾಲರನ್ನು ಅವರವರ ಕುಟುಂಬವೋ ಚರ್ಚೋ ಭರಿಸಬೇಕಿತ್ತು. ಸರ್ಕಾರ ತಮ್ಮ ಕೈಯಿಂದಲೇ ಬಿಟ್ಟಿ ಚಾಕರಿ ಮಾಡಿಸಿದಂತಾಗುತ್ತಿದೆ ಎಂಬ ಅಸಮಾಧಾನ ಕ್ವೇಕರರಲ್ಲಿ ಬೆಳೆಯಿತು. 1946ರಲ್ಲಿ ಕ್ವೇಕರ್ ಕಮಿಟಿ ಅದರಿಂದ ಹೊರಬಂತು. ಡಿಗ್ರಿ ಪಡೆಯಲು ಇಷ್ಟು ಗಂಟೆ ಸೇವೆ ಕಡ್ಡಾಯ ಎಂಬ ಪ್ರಸ್ತಾಪ ಬಂದಾಗಲೆಲ್ಲ ಈ ಶಿಬಿರಗಳನ್ನು ನೆನೆಯಬೇಕೆಂದು ನಮಗನ್ನಿಸುತ್ತದೆ.

1942ರಲ್ಲಿ ಕಾಲೇಜುಗಳು ಮಾಡಿದ ಸೇವೆಯಲ್ಲಿ ಗುದ್ದಲಿಯೇ ಇರಲಿಲ್ಲ. ಜಪಾನಿ ಮೂಲದ ಅಮೆರಿಕನ್ನರನ್ನು ಸರ್ಕಾರ ಬಂಧನ ಶಿಬಿರಗಳಿಗೆ ತಳ್ಳಿದಾಗ, ಅವರ ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳಲು ಕ್ವೇಕರ್ ಕಮಿಟಿಯ ಮುಂದಾಳತ್ವದಲ್ಲಿ ರಾಷ್ಟ್ರೀಯ ಮಂಡಳಿಯೊಂದು ಏರ್ಪಟ್ಟಿತು. ಸ್ವಾರ್ತ್‌ಮೋರ್‌ನ ಅಧ್ಯಕ್ಷ ಜಾನ್ ನೇಸನ್ ಅದರ ಅಧ್ಯಕ್ಷತೆ ವಹಿಸಿದರು. ಸುಮಾರು 4,000 ವಿದ್ಯಾರ್ಥಿಗಳಿಗೆ ಶಿಬಿರದ ಹೊರಗೆ ಕಾಲೇಜು ಸೀಟು ಸಿಕ್ಕಿತು. ಕಾಲೇಜಿನ ಕೈಯಲ್ಲಿರುವುದು ಸೀಟು, ಕೋಣೆ, ಊಟದ ಮನೆ. ಅದನ್ನೇ ಕೊಡುವುದೂ ಸೇವೆ. ಈ ಎಳೆ ಮುಂದೆ ಮತ್ತೆ ಬರುತ್ತದೆ.

ಸ್ವಾರ್ತ್‌ಮೋರ್‌ನಿಂದ ನಾಲ್ಕೈದು ಮೈಲಿಯಾಚೆ ಚೆಸ್ಟರ್ ಎಂಬ ಕೈಗಾರಿಕಾ ಪಟ್ಟಣವಿದೆ. ಅಲ್ಲಿನ ಫ್ರ್ಯಾಂಕ್ಲಿನ್ ಪ್ರಾಥಮಿಕ ಶಾಲೆ 500 ಮಕ್ಕಳಿಗೆಂದು ಕಟ್ಟಿದ್ದು. 1960ರ ದಶಕದ ಆರಂಭಕ್ಕೆ ಅದರ ದುಪ್ಪಟ್ಟಿಗೂ ಹೆಚ್ಚು ಮಕ್ಕಳು, ಬಹುತೇಕ ಎಲ್ಲರೂ ಕಪ್ಪು ಜನರ ಮಕ್ಕಳು. 1963ರ ನವೆಂಬರ್‌ನಲ್ಲಿ ಸ್ಥಳೀಯ ಹೋರಾಟಗಾರ ಸ್ಟ್ಯಾನ್ಲಿ ಬ್ರಾಂಚ್ ಮುಂದಾಳತ್ವದಲ್ಲಿ ಚೆಸ್ಟರ್‌ನವರು ಶಾಲೆಗೆ ಅಡ್ಡಗಟ್ಟಿ ನಿಂತರು. ಸ್ವಾರ್ತ್‌ಮೋರ್ ವಿದ್ಯಾರ್ಥಿಗಳು ಅವರ ಜೊತೆ ನಿಂತು ಬಂಧನಕ್ಕೂ ಒಳಗಾದರು. ಅಷ್ಟು ಹೊತ್ತಿಗೆ ಕಾಲೇಜು ಕ್ವೇಕರ್ ಪಂಥದ ಅಧಿಕೃತ ಹಿಡಿತದಲ್ಲಿರಲಿಲ್ಲ, ಸಂಸ್ಕಾರ ಮಾತ್ರ ಉಳಿದಿತ್ತು. ಕಿಕ್ಕಿರಿದ ಕೋಣೆಯ ಮಗುವಿಗೆ ವಾರಕ್ಕೆರಡು ಗಂಟೆ ಮಗ್ಗಿ ಹೇಳಿಕೊಟ್ಟರೆ ಕೋಣೆಯೇನೂ ದೊಡ್ಡದಾಗುವುದಿಲ್ಲ. ಏನು ಬೇಕೆಂದು ಚೆಸ್ಟರ್‌ನವರೇ ಹೇಳಿದರು, ವಿದ್ಯಾರ್ಥಿಗಳು ಕೇಳಿಸಿಕೊಂಡರು. ಈ ಇತಿಹಾಸದಲ್ಲಿ ನಾವು ಅತಿ ಹೆಚ್ಚು ಬೆಲೆ ಕೊಡುವ ತಿರುವು ಇದು.

ಆ ಬಳಿಕ ಬಂದದ್ದು ಸೇವೆಯ ಗಂಟೆ ಎಣಿಸುವ ಕಾಲ. ನಮ್ಮಲ್ಲೂ 1969ರ ಸೆಪ್ಟೆಂಬರ್ 24ರಂದು, ಬಳ್ಳಾರಿಯ ಸಂಸದರೂ ಕೇಂದ್ರ ಶಿಕ್ಷಣ ಸಚಿವರೂ ಆಗಿದ್ದ ವಿ.ಕೆ.ಆರ್.ವಿ. ರಾವ್ ಎನ್‌ಎಸ್‌ಎಸ್ ಆರಂಭಿಸಿದರು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಅಮೆರಿಕದಲ್ಲಿ 1990ರಲ್ಲಿ ಬೆರಿಯಾ ಕಾಲೇಜಿನಿಂದ ಶುರುವಾದ ಬಾನರ್ ವಿದ್ಯಾರ್ಥಿವೇತನವನ್ನು ಗಿಲ್‌ಫರ್ಡ್, ಅರ್ಲಮ್ ಎರಡೂ ಅಳವಡಿಸಿಕೊಂಡವು. ಅದರಲ್ಲಿ ವಾರಕ್ಕೆ ಸುಮಾರು ಹತ್ತು ಗಂಟೆ, ಶೈಕ್ಷಣಿಕ ವರ್ಷಕ್ಕೆ 280 ಗಂಟೆ, ಬೇಸಿಗೆಯ ಸೇವೆ ಬೇರೆ. ಇಲ್ಲಿ ಸೇವೆಗೆ ಹಣ ಬರುತ್ತದೆ, ಅದು ಸರಿಯಾದದ್ದೇ. ಫೀಸಿಗಾಗಿ ಕ್ಯಾಂಟೀನಿನಲ್ಲಿ ದುಡಿಯಬೇಕಾದ ಹುಡುಗಿಗೆ ಬಿಟ್ಟಿ ಸೇವೆಗೆ ಬಿಡುವೆಲ್ಲಿ? ಓದುತ್ತ ದುಡಿಯುವ ವಿದ್ಯಾರ್ಥಿಗಳ ಕೂಲಿಗೆಂದು ಅಮೆರಿಕ ಸರ್ಕಾರ ಕೊಡುವ ವರ್ಕ್-ಸ್ಟಡಿ ಹಣದಲ್ಲಿಯೂ ಕನಿಷ್ಠ ಶೇ. 7ನ್ನು ಕಾಲೇಜುಗಳು ಸಮುದಾಯ ಸೇವೆಯ ಕೂಲಿಗೆ ಖರ್ಚು ಮಾಡಬೇಕೆಂಬ ನಿಯಮವಿದೆ. ಬಾನರ್‌ನ ದೊಡ್ಡ ಗುಣವೆಂದರೆ ನಾಲ್ಕು ವರ್ಷದ ಅವಧಿ. ಮೊದಲ ವರ್ಷ ಕಲಿಯಲು ಬಂದವಳೇ ಮೂರನೆಯ ವರ್ಷ ಆ ಸೇವಾ ತಾಣದ ಹೊಣೆ ಹೊರುತ್ತಾಳೆ. ಹೊಸಬರಿಗೆ ಮಕ್ಕಳ ಹೆಸರು, ವ್ಯಾನಿನ ವೇಳೆ, ಬೀಗದ ಕೈ ಎಲ್ಲವನ್ನೂ ದಾಟಿಸುವವಳು ಅವಳೇ. ವ್ಯಾನ್ ಓಡಿಸಲು ಒಬ್ಬನಿಗೇ ಅನುಮತಿ ಇದ್ದು ಅವನಿಗೆ ಪರೀಕ್ಷೆ ಬಿದ್ದರೆ ಆರು ಮಂದಿಯ ಪಾಠ ನಿಲ್ಲುತ್ತದೆ. ಹಾಗಾಗಿ ತಾಣವೊಂದಕ್ಕೆ ಕನಿಷ್ಠ ಇಬ್ಬರು ಚಾಲಕರು ಬೇಕು. ಕಾಗದಪತ್ರವನ್ನು ಬೇಸಿಗೆಯಲ್ಲೇ ಮಾಡಿಸಿದರೆ ಸೆಪ್ಟೆಂಬರ್ ಉಳಿಯುತ್ತದೆ. ಕೊನೆಯ ಭೇಟಿಯ ದಿನವನ್ನು ಮಗುವಿಗೆ ಮೂರು ವಾರ ಮೊದಲೇ ಹೇಳಬೇಕು. ಹೇಳದೆ ಮಾಯವಾದ ಅಕ್ಕನಿಗಾಗಿ ಬಾಗಿಲು ನೋಡುತ್ತ ಕೂತ ಮಗು ಮುಂದಿನ ಅಕ್ಕನನ್ನು ಸುಲಭಕ್ಕೆ ನಂಬದು.

ಸೀಟು, ಕೋಣೆಯ ಆ ಎಳೆ 2015ರಲ್ಲಿ ಗಿಲ್‌ಫರ್ಡ್‌ನಲ್ಲಿ ಮತ್ತೆ ಸಿಕ್ಕಿತು. ಪ್ರತಿ ಪ್ಯಾರಿಷ್ (ಚರ್ಚ್ ಸಮುದಾಯ) ಒಂದು ನಿರಾಶ್ರಿತ ಕುಟುಂಬಕ್ಕೆ ಆಸರೆಯಾಗಲಿ ಎಂದು ಪೋಪ್ ಫ್ರಾನ್ಸಿಸ್ ಕರೆ ಕೊಟ್ಟಾಗ, ಇಂಗ್ಲಿಷ್ ಪ್ರಾಧ್ಯಾಪಕಿ ದಿಯಾ ಅಬ್ದೊ ಕ್ಯಾಂಪಸ್ ಯಾಕಾಗಬಾರದು ಎಂದು ಕೇಳಿದರು. ‘ಎವ್ರಿ ಕ್ಯಾಂಪಸ್ ಎ ರೆಫ್ಯೂಜ್’ ಹುಟ್ಟಿದ್ದು ಹಾಗೆ. ಹೊಸದಾಗಿ ಬಂದ ಕುಟುಂಬಕ್ಕೆ ಸಂಬಳದ ಚೀಟಿಯಿಲ್ಲ, ಸಾಲದ ಇತಿಹಾಸವಿಲ್ಲ. ಇವಿಲ್ಲದೆ ಬಾಡಿಗೆ ಮನೆ ಸಿಗುವುದು ಕಷ್ಟ. ಕಾಲೇಜಿನ ಮನೆಯಲ್ಲಿ ಬಾಡಿಗೆಯಿಲ್ಲದೆ ಕೆಲವು ತಿಂಗಳಿದ್ದರೆ ಮೊದಲ ಸಂಬಳಗಳು ಕೈಯಲ್ಲಿ ಉಳಿಯುತ್ತವೆ. ಪುನರ್ವಸತಿ ಸಂಸ್ಥೆ ಕಾನೂನಿನ ಕೆಲಸ ನೋಡಿಕೊಳ್ಳುತ್ತದೆ. ವಿದ್ಯಾರ್ಥಿಗಳು ಕುಟುಂಬ ಬರುವ ಮೊದಲೇ ಮನೆ ಸಜ್ಜುಗೊಳಿಸುತ್ತಾರೆ, ಬಂದ ಮೇಲೆ ಇಂಗ್ಲಿಷ್ ಕಲಿಸುತ್ತಾರೆ, ಅಂಗಡಿಗೂ ಆಸ್ಪತ್ರೆಗೂ ಜೊತೆ ಹೋಗುತ್ತಾರೆ. ಡಿಸೆಂಬರ್ ರಜೆಗೆ ಹಾಸ್ಟೆಲುಗಳು ಖಾಲಿಯಾದಾಗಲೂ ಆ ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ. ಆ ಮೂರು ನಾಲ್ಕು ವಾರ ಕುಟುಂಬದ ಫೋನಿಗೆ ಓಗೊಡುವವರು ಯಾರೆಂದು ನವೆಂಬರ್‌ನಲ್ಲೇ ಹೆಸರು ಬರೆದಿಡಬೇಕು.